ಬೆಲ್ಟಿನ ಕೊನೆಯ ತೂತು

ಉಸಿರು ಬಿಗಿ ಹಿಡಿದರೆ ಬೆಲ್ಟು ಸೇರುತ್ತಿತ್ತು, ಬಿಟ್ಟರೆ ಇಲ್ಲ. ಲಿಫ್ಟಣ್ಣನ ಕಷ್ಟ ಇಷ್ಟೇ. ಆದರೆ ಮನುಷ್ಯನಾದವನು ಎಷ್ಟು ಹೊತ್ತು ಅಂತ ಉಸಿರು ಹಿಡಿದುಕೊಂಡು ನೌಕರಿ ಮಾಡಿಯಾನು?

ಲಿಫ್ಟು ರಿಪೇರಿ ಮಾಡುವ ಅವನಿಗೆ ಹೆತ್ತವರು ಇಟ್ಟ ಚೆಂದದ ಹೆಸರೊಂದಿತ್ತು. ಅದನ್ನು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಯಾರೂ ಕೂಗುತ್ತಿರಲಿಲ್ಲ. ಊರಿನ ಅರ್ಧಕ್ಕರ್ಧ ಲಿಫ್ಟುಗಳು ಅವನ ಕೈಯಲ್ಲಿ ಪಳಗಿದವು. ಕಟ್ಟಡದ ಹೊಟ್ಟೆಯೊಳಗೆ ಲಿಫ್ಟು ಏರಿಳಿಯುವ ಕತ್ತಲ ಬಾವಿ ಇರುತ್ತದಲ್ಲ, ಅದಕ್ಕೆ ಆ ಕೆಲಸದವರು ಶಾಫ್ಟು ಅನ್ನುತ್ತಾರೆ. ಅದರೊಳಗೆ ಸೊಂಟಕ್ಕೆ ಬೆಲ್ಟು ಬಿಗಿದು, ಕೊಕ್ಕೆ ಸಿಕ್ಕಿಸಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಹಾಡು ಗುನುಗುತ್ತಾ ಕೆಲಸ ಮಾಡುವಾಗ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಹೊರಗೆ ಹಾಡಿದರೆ ಹೆಂಡತಿ ಕಿಟಕಿ ಮುಚ್ಚುತ್ತಿದ್ದಳು; ಒಳಗೆ ಹಾಡಿದರೆ ಶಾಫ್ಟು ಅದನ್ನು ಇಮ್ಮಡಿ ಮಾಡಿ ವಾಪಸು ಕೊಡುತ್ತಿತ್ತು.

ವರ್ಷದ ಕೊನೆಯ ರಜೆಗೆ ಕಂಪನಿ ಬಾಗಿಲು ಹಾಕುವ ಮುಂಚೆ ಎಲ್ಲರ ತಪಾಸಣೆ ನಡೆಯಿತು. ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಒತ್ತಿ, ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು. ಬಿ.ಪಿ. ಏರಿದೆ ಎಂದರು. ಆಮೇಲೆ ಬೆಲ್ಟು ಹಾಕಿಕೊಳ್ಳಿ ಎಂದರು. ಅವನು ನಾಚಿಕೆಯವನ ಹಾಗೆ ಗೋಡೆಯ ಕಡೆ ತಿರುಗಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಕೊನೆಯ ತೂತಿಗೆ ಬಕಲಿನ ಮುಳ್ಳು ಸಿಕ್ಕಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಇತ್ತ ತಿರುಗಿದ.

"ಈಗ ಉಸಿರು ಬಿಡಿ" ಎಂದರು ಡಾಕ್ಟರಮ್ಮ.

ಅವನು ಬೇಡವೆಂದು ತಲೆಯಾಡಿಸಿದ.

"ಬಿಡಿ ಅಂದೆ."

ಬಿಟ್ಟ. ಟಪ್ ಎಂದು ಬೆಲ್ಟು ಬಿಚ್ಚಿಕೊಂಡು ಡಾಕ್ಟರಮ್ಮನ ಮೇಜಿನ ಕೆಳಕ್ಕೆ ಹಾರಿತು.

"ಬೆಲ್ಟು ನಿಲ್ಲದೆ ಇರೋರನ್ನ ನಾನು ಶಾಫ್ಟಿಗೆ ಇಳಿಸಲ್ಲ" ಎಂದರು ಅವರು, ನಗು ತಡೆದುಕೊಂಡು, ಆದರೆ ಮಾತು ಮಾತ್ರ ಗಟ್ಟಿಯಾಗಿ. "ರಜೆ ಮುಗಿದ ದಿನ ಮತ್ತೆ ಬನ್ನಿ. ಆವತ್ತೂ ಹಿಂಗೇ ಇದ್ರೆ ನಿಮ್ಮನ್ನ ಫೋನಿನ ಮೇಜಿಗೆ ಹಾಕ್ತಾರೆ. ನಾನೇ ಬರೆದುಕೊಡ್ತೀನಿ."

ಫೋನಿನ ಮೇಜು! ಬೆಳಗಿನಿಂದ ಸಂಜೆತನಕ ಕುರ್ಚಿಯಲ್ಲಿ ಕೂತು, "ನಿಮ್ಮ ಲಿಫ್ಟು ಯಾವ ಮಹಡಿಯಲ್ಲಿ ನಿಂತಿದೆ? ಗಾಬರಿಯಾಗಬೇಡಿ" ಎಂದು ಕಂಡಕಂಡವರಿಗೆ ಸಮಾಧಾನ ಹೇಳುವ ಕೆಲಸ. ಲಿಫ್ಟು ಕೆಟ್ಟಿದೆ ಅಂತ ಕಿವಿಯಲ್ಲಿ ಕೇಳಬೇಕು, ಕೈಯಿಂದ ಮುಟ್ಟುವ ಹಾಗಿಲ್ಲ. ಮೀನನ್ನು ತಂದು ಸಮುದ್ರದ ಚಿತ್ರದ ಮುಂದೆ ಕೂರಿಸಿದ ಹಾಗೆ. ಅವನಿಗೆ ಅಲ್ಲೇ ಕಣ್ಣು ತುಂಬಿಬಂತು.

ಸರಿ, ರಜೆಯಲ್ಲಿ ಮಿತವಾಗಿ ತಿಂದು, ನಾಲ್ಕು ಹೆಜ್ಜೆ ನಡೆದು ಹೊಟ್ಟೆ ಇಳಿಸಿದರಾಯಿತು, ಇದೇನು ಬ್ರಹ್ಮವಿದ್ಯೆಯೇ ಎಂದು ನೀವು ಅಂದೀರಿ. ನಿಮಗೆ ಅವನ ಅಕ್ಕ ಗೊತ್ತಿಲ್ಲ.

ಅಕ್ಕ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಅಡುಗೆಯವಳು. ಪ್ರತಿ ವರ್ಷ ರಜೆ ಬಂತೆಂದರೆ ಗಂಡನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬರುವವಳು. ಬರುವಾಗ ಬಟ್ಟೆಯ ಚೀಲ ಮರೆತರೂ ಮರೆತಾಳು, ಹಾಸ್ಟೆಲಿನ ಸೌಟು ಮಾತ್ರ ಮರೆಯುವವಳಲ್ಲ. ಆ ಸೌಟಿನಲ್ಲಿ ಒಂದು ಸಲ ಬಡಿಸಿದರೆ ಸಾಧಾರಣ ಮನುಷ್ಯನ ಮಧ್ಯಾಹ್ನದ ಊಟ ಮುಗಿಯಿತು. ನೂರು ಹುಡುಗರಿಗೆ ಬೇಯಿಸಿ ಬೇಯಿಸಿ, ನಾಲ್ಕು ಜನರಿಗೆ ಎಷ್ಟು ಬೇಯಿಸಬೇಕೆಂಬ ಅಂದಾಜೇ ಅವಳ ಕೈಬಿಟ್ಟು ಹೋಗಿತ್ತು. "ಸ್ವಲ್ಪ ಮಾಡಿದೀನಿ" ಎಂದು ಅವಳು ಮುಚ್ಚಳ ತೆಗೆದರೆ ಪಾತ್ರೆಯೊಳಗೆ ಮುಖ ಕಾಣುವಷ್ಟು ಸಾರು.

ಇನ್ನೊಂದು ಮಾತು. ಅಮ್ಮ ತೀರಿಕೊಂಡಾಗ ಲಿಫ್ಟಣ್ಣನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಒಲೆಗೆ ಕೈ ಎಟುಕದೆ ಸ್ಟೂಲಿನ ಮೇಲೆ ನಿಂತು ಅಡುಗೆ ಮಾಡಿ ಅವನನ್ನು ಸಾಕಿದವಳು. ಅವಳ ಪ್ರೀತಿಗೆ ಮಾತು ಬರುತ್ತಿರಲಿಲ್ಲ, ಸೌಟು ಬರುತ್ತಿತ್ತು. ಹೊಸದಾಗಿ ಮದುವೆಯಾದ ಕಾಲದಲ್ಲಿ ಒಮ್ಮೆ ಅವನು ಹೊಟ್ಟೆ ಕೆಟ್ಟು, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕಕ್ಕ" ಅಂದಿದ್ದ. ಅಕ್ಕ ಸೌಟು ಕೆಳಗಿಟ್ಟು ಒಳಕ್ಕೆ ಹೋದಳು. ಊರಿಗೆ ಹೊರಡುವತನಕ ಅವಳ ಮುಖದಲ್ಲಿ ನಗು ಬರಲಿಲ್ಲ. ಅವತ್ತೇ ಕೊನೆ, ಆ ಮೂರಕ್ಷರವನ್ನು ಅವನು ಅಕ್ಕನ ಮುಂದೆ ಮತ್ತೆ ಆಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ನೋಡದೇ ಇದ್ದದ್ದು ಇನ್ನೊಂದಿತ್ತು: ಅಕ್ಕ ಕೂತು ಊಟ ಮಾಡುವುದನ್ನು. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಏನೋ ಬಾಯಿಗೆ ಹಾಕಿಕೊಳ್ಳುವವಳು ಅವಳು.

"ಅತ್ತಿಗೆಗೆ ನೇರವಾಗಿ ಹೇಳ್ರೀ" ಎಂದಳು ಹೆಂಡತಿ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. "ಡಾಕ್ಟ್ರು ಹಿಂಗಂದ್ರು, ಕಡಿಮೆ ಬಡಿಸು ಅಂತ."

"ನೀನೇ ಹೇಳು."

"ನಾನಾ? ಗಂಡನಿಗೆ ಊಟ ಹಾಕದೆ ಸೊರಗಿಸ್ತಿದಾಳೆ ಅನ್ನಿಸಿಕೊಳ್ಳೋಕಾ? ನಿಮ್ಮಕ್ಕ, ನಿಮ್ಮ ಹೊಟ್ಟೆ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಲಿಫ್ಟಣ್ಣನಿಗೆ ಎರಡೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಲಿಫ್ಟು ಒಂದೇ. ಹಾಗಾಗಿ ಅಕ್ಕ ಬಂದ ಮಾರನೆಯ ಬೆಳಿಗ್ಗೆ, ಬೆಣ್ಣೆ ಸವರಿದ ರೊಟ್ಟಿಗಳ ಗೋಪುರವೊಂದನ್ನು ಕೆಡವಿ ಮುಗಿಸಿದ ಮೇಲೆ, ಅವನಿಗೆ ಹೊಳೆದ ಉಪಾಯವೂ ಲಿಫ್ಟಿನದೇ ಆಯಿತು.

ಅವರದು ಆರನೇ ಮಹಡಿ, ಕಟ್ಟಡದ ತುದಿ. ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನೂ ಅವನೇ, ತಾರಸಿಯ ಮೇಲಿನ ಮೆಷಿನ್ ರೂಮಿನ ಕೀಲಿಯೂ ಅವನ ಜೇಬಿನಲ್ಲೇ. ಲಿಫ್ಟು ನಿಂತರೆ ಏನಾಗುತ್ತದೆ? ಹಾಲಿಗೆ ಇಳಿಯಬೇಕು, ಬ್ರೆಡ್ಡಿಗೆ ಇಳಿಯಬೇಕು, ಸುಮ್ಮನೆ ಗಾಳಿಗೆ ಇಳಿದರೂ ಮತ್ತೆ ಹತ್ತಬೇಕು. ಅಕ್ಕ ಬಡಿಸಿದ್ದು ಮೆಟ್ಟಿಲ ಮೇಲೆ ಕರಗಿಹೋಗುತ್ತದೆ. ಯಾರ ಮನಸ್ಸೂ ನೋಯುವುದಿಲ್ಲ. ಕಟ್ಟಡದಲ್ಲಿ ಮೆಟ್ಟಿಲು ಹತ್ತಲಾರದಂಥ ಕಾಯಿಲೆಯವರು ಯಾರೂ ಇಲ್ಲವೆಂದು ಮನಸ್ಸಿನಲ್ಲೇ ಮನೆಮನೆಗೂ ಹೋಗಿ ಬಂದ. ಮೂರನೇ ಮಹಡಿಯ ಟೀಚರಮ್ಮನಿಗೆ ವಯಸ್ಸಾಗಿತ್ತು ನಿಜ, ಆದರೆ ಅವರು ಲಿಫ್ಟನ್ನು ನಂಬುತ್ತಲೇ ಇರಲಿಲ್ಲ. ಹೀಗೆ ಆತ್ಮಸಾಕ್ಷಿಗೆ ಒಂದಿಷ್ಟು ಗ್ರೀಸು ಹಚ್ಚಿ, ಮೇಲೆ ಹೋಗಿ ಸ್ವಿಚ್ಚು ಇಳಿಸಿ, ಕೆಳಗೆ ಬಂದು "ಲಿಫ್ಟು ಕೆಟ್ಟಿದೆ" ಎಂಬ ಬೋರ್ಡು ತೂಗುಹಾಕಿದ. ಮುಖದಲ್ಲಿ ಎಷ್ಟು ದುಃಖ ತಂದುಕೊಂಡನೆಂದರೆ ಕಾವಲುಗಾರ ಅವನಿಗೇ ಸಮಾಧಾನ ಹೇಳಿದ.

ಮೊದಮೊದಲು ಉಪಾಯ ಬಂಗಾರದಂತೆ ಫಲ ಕೊಟ್ಟಿತು. ಲಿಫ್ಟಣ್ಣ ನೆಪ ಹುಡುಕಿ ಹುಡುಕಿ ಕೆಳಗಿಳಿದ. ಬೆಂಕಿಪೊಟ್ಟಣ ತರಲು ಹೋಗಿ ಬಂದು, ಮರೆತೆನೆಂದು ಮತ್ತೆ ಹೋದ. ಅವನ ಭಾವ, ಅಂದರೆ ಅಕ್ಕನ ಗಂಡ, ಊರೂರಿನ ಫುಟ್ಬಾಲ್ ಮೈದಾನಗಳಲ್ಲಿ ಮೈಕು ಹಿಡಿದು ಆಟದ ವಿವರಣೆ ಕೊಡುವವರು. ರಜೆಯಲ್ಲಿ ಆಟವಿಲ್ಲದೆ ಅವರ ನಾಲಿಗೆ ತುರಿಸುತ್ತಿತ್ತು. ಬಾಮೈದ ಮೆಟ್ಟಿಲು ಹತ್ತುವುದು ಕಂಡದ್ದೇ ತಡ, ಆರನೇ ಮಹಡಿಯ ಕಂಬಿಗೆ ಒರಗಿ ಸುರುಮಾಡಿದರು.

"ಇದೀಗ ನಾಲ್ಕನೇ ಮಹಡಿಯ ತಿರುವಿನಲ್ಲಿ ನಮ್ಮ ಆಟಗಾರ! ಕೈ ಕಂಬಿಯ ಮೇಲೆ, ನಾಲಿಗೆ ಹೊರಗೆ, ಹೊಟ್ಟೆ ಅವನಿಗಿಂತ ಒಂದು ಮೆಟ್ಟಿಲು ಮುಂದೆ! ಪ್ರೇಕ್ಷಕರೇ, ಹೊಟ್ಟೆಯೇ ಮೊದಲು ಗುರಿ ಮುಟ್ಟುವ ಲಕ್ಷಣ ಕಾಣ್ತಿದೆ!"

ಪ್ರೇಕ್ಷಕರು ಇದ್ದರು. ಕೆಟ್ಟದ್ದೇ ಅಲ್ಲಿಂದ.

ಲಿಫ್ಟಿನವನ ಲೆಕ್ಕದಲ್ಲಿ ಒಂದು ದೋಷವಿತ್ತು, ಅದು ಲಿಫ್ಟಿನವನಿಗೆ ಮಾತ್ರ ಆಗಬಹುದಾದ ದೋಷ. ಶಾಫ್ಟಿನೊಳಗೇ ಆಯುಷ್ಯ ಕಳೆದವನಿಗೆ ನೆಲಕ್ಕೂ ಆರನೇ ಮಹಡಿಗೂ ನಡುವೆ ಇರುವುದು ಹಗ್ಗ ಮತ್ತು ಕತ್ತಲೆ, ಅಷ್ಟೆ. ಅಲ್ಲಿ ಮನೆಗಳಿವೆ, ಮನೆಗಳಿಗೆ ಬಾಗಿಲುಗಳಿವೆ, ಬಾಗಿಲ ಹಿಂದೆ ರಜೆಯ ಮೇಲಿರುವ ಜನ ಇದ್ದಾರೆ, ಅವರ ಒಲೆಯ ಮೇಲೂ ಏನೋ ಬೇಯುತ್ತಿದೆ ಎಂಬುದು ಅವನ ತಲೆಗೇ ಹೋಗಿರಲಿಲ್ಲ.

ಮೊದಲು ಟೀಚರಮ್ಮ ತಮ್ಮ ಬಾಗಿಲ ಮುಂದೆ ಒಂದು ಕುರ್ಚಿ ಹಾಕಿದರು. ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಏದುಸಿರು ಬಿಡುವವರನ್ನು ಕಂಡರೆ ಕನಿಕರ. "ಕೂತ್ಕೊಳಪ್ಪಾ, ಸುಧಾರಿಸ್ಕೊ" ಎಂದರು. ಕುರ್ಚಿಯ ಪಕ್ಕ ನಿಂಬೆ ಶರಬತ್ತು ಬಂತು. ಬರೀ ಶರಬತ್ತು ಹೇಗೆ ಕೊಡುವುದೆಂದು ಹುರಿದ ಕಡಲೆಬೀಜ ಬಂತು. ಇದನ್ನು ನೋಡಿದ ನಾಲ್ಕನೇ ಮಹಡಿಯ ಬೇಕರಿಯವನು ನಾನೇನು ಕಡಿಮೆಯೆಂದು ಬೆಂಚು ಎಳೆದು ಹಾಕಿ ಮೇಲೆ ಕೇಕಿನ ತಟ್ಟೆ ಇಟ್ಟ. ಎರಡನೇ ಮಹಡಿಯಲ್ಲಿದ್ದ ಬ್ಯಾಂಡ್ ಮಾಸ್ಟರು, ಮದುವೆ ಮೆರವಣಿಗೆಗಳಿಗೆ ತುತ್ತೂರಿ ಊದುವವರು, ತಮಗೆ ಅಡುಗೆ ಬಾರದೆಂದು ತುತ್ತೂರಿಯನ್ನೇ ತಂದು ಕೂತರು. ಯಾರು ಹತ್ತಿ ಬಂದರೂ ಅವರಿಗೆ ಒಂದು ಸ್ವಾಗತ ಗೀತೆ.

ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ನಿಂತು ಒಬ್ಬರ ಚಪ್ಪಲಿ ಒಬ್ಬರು ನೋಡಿಕೊಂಡಿದ್ದ ಜನ ಈಗ ಮೆಟ್ಟಿಲ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು ಹರಟಲು ಹತ್ತಿದರು. ಅಕ್ಕನಿಗಂತೂ ಸ್ವರ್ಗ ಮೂರೇ ಗೇಣು ಉಳಿಯಿತು. ಇಷ್ಟು ದಿನ ನೂರು ಜನರ ಅಡುಗೆ ಮಾಡಿ ನಾಲ್ಕು ಜನರ ಬಾಯಿಗೆ ತುರುಕುತ್ತಿದ್ದವಳಿಗೆ ಕೊನೆಗೂ ಸಾಕಷ್ಟು ಬಾಯಿಗಳು ಸಿಕ್ಕಿದ್ದವು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಪಾತ್ರೆ ಹೊತ್ತು, ಮಹಡಿಯಿಂದ ಮಹಡಿಗೆ ಸೌಟು ಆಡಿಸುತ್ತಾ ಇಳಿದಳು, ಹತ್ತಿದಳು, ಮತ್ತೆ ಇಳಿದಳು.

ಇನ್ನು ಲಿಫ್ಟಣ್ಣನ ಪಾಡು. ಮೆಟ್ಟಿಲು ಹತ್ತಿ ಊಟ ಕರಗಿಸಲು ಹೊರಟವನು ಮಹಡಿಗೊಂದು ಊಟ ಮಾಡಿಕೊಂಡು ಮೇಲೆ ಬರುತ್ತಿದ್ದ. ಬೇಡವೆಂದರೆ ಟೀಚರಮ್ಮನಿಗೆ ಬೇಸರ, ಬೇಕರಿಯವನಿಗೆ ಅವಮಾನ. ಅಕ್ಕನಿಗೆ ಇಲ್ಲವೆನ್ನಲು ಬಾರದ ಬಾಯಿ ಉಳಿದವರಿಗೆ ಹೇಗೆ ಅಂದೀತು? ಇತ್ತ ಭಾವ ಬೇರೆ. "ಕೇಕಿನ ಮೊದಲ ತುಂಡು ಒಳಕ್ಕೆ! ಎರಡನೆಯದು, ಎಂಥಾ ಸಲೀಸು ಪಾಸು! ಪ್ರೇಕ್ಷಕರೇ, ಇವರ ಬಾಯಿಗೆ ಗೋಲ್ ಕೀಪರೇ ಇಲ್ಲ!" ಬ್ಯಾಂಡ್ ಮಾಸ್ಟರು ತುತ್ತೂರಿ ಊದಿದರು. ಎರಡರಿಂದ ಆರರತನಕ ಮೆಟ್ಟಿಲೆಲ್ಲ ಗೊಳ್ಳೆಂದಿತು. ಲಿಫ್ಟಣ್ಣನೂ ನಕ್ಕ. ನಗದೆ ಇರುವುದು ಸಾಧ್ಯವಿರಲಿಲ್ಲ. ಅಂಥ ರಜೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ರಜೆ ಅರ್ಧ ಕಳೆದ ಒಂದು ಬೆಳಿಗ್ಗೆ ಬಚ್ಚಲಮನೆಯ ಚಿಲಕ ಹಾಕಿಕೊಂಡು ಬೆಲ್ಟು ಬಿಗಿದು ನೋಡಿದ. ಉಸಿರು ಹಿಡಿದ. ಸೇರಲಿಲ್ಲ. ಇನ್ನೂ ಹಿಡಿದ. ಕಿವಿ ಗುಂಯ್ ಎಂದಿತೇ ಹೊರತು ತೂತಿಗೂ ಮುಳ್ಳಿಗೂ ಭೇಟಿಯೇ ಆಗಲಿಲ್ಲ. ಹೊರಗೆ ಯಾರೋ ನಗುತ್ತಿದ್ದರು, ತುತ್ತೂರಿ ಮೊಳಗುತ್ತಿತ್ತು. ಅವನಿಗೆ ಮಾತ್ರ ಫೋನಿನ ಗಂಟೆ ಕೇಳಿಸಿತು. ಇನ್ನು ತಾನು ಶಾಫ್ಟಿನೊಳಗೆ ಹಾಡುವುದಿಲ್ಲ ಎಂಬ ಯೋಚನೆ ಬಂದು, ಬಕೆಟ್ಟಿನ ಅಂಚಿನ ಮೇಲೆ ಕೂತು ಅತ್ತುಬಿಟ್ಟ.

ಮಾಡಿದ್ದುಣ್ಣೋ ಮಹರಾಯ. ಇಲ್ಲಿಯಂತೂ ಅಕ್ಷರಶಃ ಉಂಡಿದ್ದ. ಲಿಫ್ಟು ಹಾಕಿಬಿಟ್ಟರೆ ಈ ಮಹಡಿಗೊಂದು ಊಟವಾದರೂ ನಿಲ್ಲುತ್ತದೆಂದು ಮುಖ ತೊಳೆದು, ಕಳ್ಳಹೆಜ್ಜೆಯಲ್ಲಿ ತಾರಸಿಗೆ ಹೋದ. ಮೆಷಿನ್ ರೂಮಿನ ಬಾಗಿಲಿಗೆ ಕೀಲಿ ಹಾಕಿದ್ದಷ್ಟೇ, ಹಿಂದಿನಿಂದ ದನಿ ಕೇಳಿತು.

"ಅಂತೂ ಇವತ್ತು ಬುದ್ಧಿ ಬಂತೇನೋ ಮರೀ?"

ನೀರಿನ ಟ್ಯಾಂಕಿನ ಪಕ್ಕದಲ್ಲಿ ಅಕ್ಕ ಪಾತ್ರೆ ಒಣಗಿಸುತ್ತಿದ್ದಳು. ತಲೆ ನರೆಯುತ್ತಿದ್ದರೂ ಅವಳ ಪಾಲಿಗೆ ಅವನಿನ್ನೂ ಮರಿ.

"ಅದು... ಪಾರ್ಟು ಬಂದಿದೆ ಅಕ್ಕ. ಹಾಕೋಣ ಅಂತ" ಎಂದ, ಬರಿಗೈ ತೋರಿಸುತ್ತಾ.

"ಸುಳ್ಳು ಹೇಳಬೇಡ. ಬೋರ್ಡು ನೋಡಿದ ದಿನಾನೇ ನಂಗೆ ಗೊತ್ತಾಯ್ತು. ಚಿಕ್ಕೋನಾಗಿದ್ದಾಗಿಂದ ನೋಡಿದೀನಿ, ಕೆಟ್ಟ ವಸ್ತು ಕಣ್ಣಿಗೆ ಬಿದ್ರೆ ನಿನ್ನ ಕೈ ಸುಮ್ಮನಿರಲ್ಲ. ಮದುವೆ ದಿನಾನೂ ಚಪ್ಪರದ ಫ್ಯಾನು ಬಿಚ್ಚಿ ಕೂತಿದ್ದೋನು ನೀನು. ಮನೆ ಮುಂದಿನ ಲಿಫ್ಟು ಕೆಟ್ಟು ನಿಂತಿದೆ, ನೀನು ಕಡಲೆಬೀಜ ತಿಂತಾ ಕೂತಿದೀಯ. ಕೆಟ್ಟಿರೋದು ಲಿಫ್ಟಲ್ಲ, ನೀನು ಅನ್ಕೊಂಡೆ. ಏನಾಗಿದೆ, ಹೇಳು."

ಅವನು ಹೇಳಿದ. ಬೆಲ್ಟು ಹಾರಿದ್ದು, ಡಾಕ್ಟರಮ್ಮ ಅಂದದ್ದು, ಫೋನಿನ ಮೇಜು, ಬಚ್ಚಲಮನೆ, ಎಲ್ಲ. ಹೇಳುತ್ತಾ ಹೇಳುತ್ತಾ ದನಿ ಚಿಕ್ಕ ಹುಡುಗನದಾಯಿತು.

ಅಕ್ಕನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. "ಬಾಯಿ ಬಿಟ್ಟು ಒಂದು ಮಾತು ಹೇಳೋಕೇನಾಗಿತ್ತೋ ನಿಂಗೆ?"

"ನೀನು ಬಡಿಸ್ತಾ ನಿಂತ್ರೆ ನಂಗೆ ಬೇಡ ಅನ್ನೋಕೆ ಬರಲ್ಲಕ್ಕ. ಆವತ್ತು ಸಾಕು ಅಂದಿದ್ದಕ್ಕೆ ನೀನೆಷ್ಟು ನೊಂದ್ಕೊಂಡೆ."

ಅಕ್ಕ ಪಾತ್ರೆ ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಂಗೆ ಬೇರೇನು ಬರತ್ತೋ?" ಎಂದಳು. "ಬಡಿಸೋದು ಬಿಟ್ಟು ನಿನ್ನ ಎದುರಿಗೆ ಏನು ಮಾಡ್ಕೊಂಡು ಕೂತ್ಕೋಬೇಕು ಅಂತಾನೇ ನಂಗೆ ಗೊತ್ತಿಲ್ಲ."

ಇಬ್ಬರೂ ನೀರಿನ ಟ್ಯಾಂಕಿಗೆ ಒರಗಿ ಕೂತರು. ಲಿಫ್ಟಣ್ಣನಿಗೆ ಅತ್ತು ಹಗುರಾಗಿತ್ತು. ಅಕ್ಕನಿಗೆ ಸುಮ್ಮನೆ ಕೂರುವುದೆಂದರೆ ಆಗದು, "ಈ ಲಿಫ್ಟು ಅದು ಹೆಂಗೋ ಅಷ್ಟು ಜನರನ್ನ ಎತ್ತತ್ತೆ?" ಎಂದು ಕೇಳಿದಳು. ಅವನು ಹೇಳಿದ: ಎತ್ತುವುದಿಲ್ಲ, ತೂಗುತ್ತದೆ. ಹಗ್ಗದ ಒಂದು ತುದಿಗೆ ಲಿಫ್ಟು, ಇನ್ನೊಂದು ತುದಿಗೆ ಕಬ್ಬಿಣದ ಭಾರ. ಅದು ಇಳಿದರೆ ಇದು ಏರುತ್ತದೆ. ಎರಡೂ ಹೆಚ್ಚುಕಡಿಮೆ ಸಮವಿದ್ದರೆ ಮೋಟರಿಗೆ ಕಷ್ಟವೇ ಇಲ್ಲ.

"ಹಂಗಾದ್ರೆ ತಿನ್ನೋದು ಬಿಡೋದ್ಯಾಕೆ?" ಎಂದಳು ಅಕ್ಕ, ಕಣ್ಣು ಅರಳಿಸಿ. "ಆ ಕಡೆ ಭಾರ ಹಾಕಿದ್ರಾಯ್ತು. ಉಂಡಷ್ಟೂ ಮೆಟ್ಟಿಲು."

ಸ್ವಿಚ್ಚು ಏರಿತು. ಅಕ್ಕ ತಮ್ಮನ ಕಿವಿ ಹಿಡಿಯದಿದ್ದರೂ ಹಿಡಿದಷ್ಟೇ ಬಿಗಿಯಾಗಿ ಮಹಡಿ ಮಹಡಿಗೂ ಕರೆದುಕೊಂಡು ಹೋಗಿ ತಪ್ಪು ಒಪ್ಪಿಸಿದಳು. ಬೇಕರಿಯವನು ಹೊಟ್ಟೆ ಹಿಡಿದು ನಕ್ಕ. ಟೀಚರಮ್ಮ ನಗಲಿಲ್ಲ. "ನಾನು ಹತ್ತದಿದ್ರೂ ನನ್ನ ತರಕಾರಿ ಚೀಲ ಲಿಫ್ಟಲ್ಲೇ ಬರ್ತಿತ್ತು. ಈಗ ಅದನ್ನೂ ಹೊತ್ತು ನನ್ನ ಮೊಣಕಾಲು ಏನಾಗಿದೆ ಗೊತ್ತೇನಪ್ಪಾ? ರಜೆ ಮುಗಿಯೋತನಕ ನನ್ನ ಚೀಲ ನೀನೇ ಹೊರಬೇಕು" ಎಂದು ಶಿಕ್ಷೆ ಕೊಟ್ಟರು. ಅವನು ತಲೆ ತಗ್ಗಿಸಿ ಒಪ್ಪಿದ. ಆಮೇಲೆ ಅಕ್ಕ ತನ್ನ ಹೊಸ ಕಾನೂನನ್ನು ಸಾರಿದಳು.

ಅಂದಿನಿಂದ ಆ ಕಟ್ಟಡದಲ್ಲಿ ಲಿಫ್ಟು ಹತ್ತುವ ಹಕ್ಕು ಪಾತ್ರೆಗಳಿಗೆ ಮತ್ತು ಟೀಚರಮ್ಮನಿಗೆ ಮಾತ್ರ. ಉಳಿದವರಿಗೆ ಮೆಟ್ಟಿಲು. ಎಲ್ಲರ ಮನೆಯ ಅಡುಗೆಯೂ ಲಿಫ್ಟಿನಲ್ಲಿ ಗಾಂಭೀರ್ಯದಿಂದ ನೆಲಮಹಡಿಗೆ ಇಳಿಯುತ್ತಿತ್ತು. ಅಲ್ಲಿ ಸೈಕಲ್ಲು ನಿಲ್ಲಿಸುವ ಜಾಗದಲ್ಲಿ ಅಕ್ಕ ಸೌಟು ಹಿಡಿದು ನಿಂತಿರುತ್ತಿದ್ದಳು. ಊಟ ಮಾಡುವುದು ಮಾತ್ರ ತಾರಸಿಯಲ್ಲಿ, ಬಿಸಿಲಿಗೆ ಕೂತು. ತಟ್ಟೆ ತುಂಬಿಸಿಕೊಂಡು ಹತ್ತಬೇಕು. ಎರಡನೇ ಸಲ ಬೇಕೇ? ಧಾರಾಳವಾಗಿ, ಇಳಿದು ಬನ್ನಿ. ಮೂರನೇ ಸಲ? ಸಂತೋಷ, ಮತ್ತೆ ಇಳಿಯಿರಿ. ಮಹಡಿಗಳ ನಡುವೆ ತಿನ್ನಿಸುವುದು ನಿಷಿದ್ಧ. ಮಧ್ಯದಲ್ಲಿ ತುತ್ತೂರಿ ಇರಬಹುದು, ಕೇಕು ಇರಕೂಡದು.

ಟೀಚರಮ್ಮ ಮೊದಲ ಸಲ ಲಿಫ್ಟು ಹತ್ತಿದರು, ಸಾರಿನ ಪಾತ್ರೆಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು. ಇಳಿದಾಗ "ಇದೇನು ಇಷ್ಟು ಸುಖವಾಗಿದೆ!" ಎಂದು ಬೆರಗಾಗಿ, ಮತ್ತೊಂದು ಸಲ ಸುಮ್ಮನೆ ಹೋಗಿ ಬಂದರು.

ಆಹಾ, ಆ ಊಟಗಳು! ತಟ್ಟೆ ಹಿಡಿದ ಸಾಲು ಮೆಟ್ಟಿಲ ಮೇಲೆ, ಕೆಳಗೆ ಸೌಟಿನ ಸದ್ದು, ನಡುವೆ ತುತ್ತೂರಿ, ತುದಿಯಲ್ಲಿ ಭಾವ. "ಬೇಕರಿ ತಂಡದ ನಾಯಕ ಮೂರನೇ ಸಲಕ್ಕೆ ಕೆಳಗೆ! ಕಾಲು ಬೇಡ ಅಂತಿದೆ, ನಾಲಿಗೆ ಬೇಕು ಅಂತಿದೆ, ಪಂದ್ಯ ಸಮ ಸಮ!" ಲಿಫ್ಟಣ್ಣನ ಹೆಂಡತಿ ನಕ್ಕೂ ನಕ್ಕೂ ತಟ್ಟೆಯ ಅರ್ಧ ಅನ್ನವನ್ನು ಐದನೇ ಮಹಡಿಯಲ್ಲಿ ಚೆಲ್ಲಿದಳು. ಅದನ್ನು ಗುಡಿಸಲು ಇಳಿದಾಗ ಇನ್ನೂ ನಗು ಬಂದು ಪೊರಕೆ ಹಿಡಿದುಕೊಂಡೇ ಕುಸಿದು ಕೂತಳು.

ಹೀಗೇ ಒಂದು ದಿನ ಲಿಫ್ಟಣ್ಣ ಕರಿದ ಆಲೂಗಡ್ಡೆಗಾಗಿ ಎರಡನೇ ಸಲ ಇಳಿಯುತ್ತಿದ್ದವನು ನಾಲ್ಕನೇ ಮಹಡಿಯಲ್ಲಿ ನಿಂತುಬಿಟ್ಟ. ಹಸಿವೋ, ಆಸೆಯೋ? ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿಕೊಳ್ಳಲು ಅವನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಉತ್ತರ ಬರುವ ಮುಂಚೆ ಅಕ್ಕನ ಸೌಟು ಬಂದುಬಿಡುತ್ತಿತ್ತು. ಹೊಟ್ಟೆ ಮುಟ್ಟಿ ನೋಡಿಕೊಂಡ. ಆಸೆ, ಅಷ್ಟೆ. ತಿರುಗಿ ಮೇಲಕ್ಕೆ ಹೊರಟ. ಭಾವನ ಗಂಟಲು ಹರಿದೇಹೋಯಿತು. "ವಾಪಸು! ವಾಪಸು ಬರ್ತಿದಾನೆ! ಆಲೂಗಡ್ಡೆಯನ್ನ ಗೆದ್ದ ಮಹಾಶೂರ!" ಮಾರನೆಯ ದಿನ ಅದೇ ಆಲೂಗಡ್ಡೆ ಅವನನ್ನು ಸಲೀಸಾಗಿ ಗೆದ್ದಿತು ಅನ್ನುವುದನ್ನೂ ಹೇಳಿಬಿಡಬೇಕು. ಮನುಷ್ಯ ತಾನೇ.

ರಜೆ ಮುಗಿದ ದಿನ ಬೆಳಿಗ್ಗೆ ಅವನು ಬೆಲ್ಟು ಹೆಗಲಿಗೆ ಹಾಕಿಕೊಂಡು ತಪಾಸಣೆಗೆ ಹೋದ. ಅಕ್ಕ ಭಾವ ಅಂದೇ ಸಂಜೆ ಊರಿಗೆ ಹೊರಡುವವರು. ಅವನು ಬರುವತನಕ ಅಕ್ಕ ಪೆಟ್ಟಿಗೆ ಕಟ್ಟಲಿಲ್ಲ, ಇಡೀ ದಿನ ಒಲೆಯ ಮುಂದಿದ್ದಳು. ಭಯವಾದಾಗಲೂ ಅವಳಿಗೆ ಅಡುಗೆಯೇ.

ಪವಾಡವೇನೂ ನಡೆಯಲಿಲ್ಲ. ಹೊಟ್ಟೆ ಇದ್ದಲ್ಲೇ ಇತ್ತು, ಒಂದಿಷ್ಟು ಒಳಕ್ಕೆ ಸರಿದು ಕೂತಿತ್ತು, ಅಷ್ಟೆ. ಡಾಕ್ಟರಮ್ಮ ರಬ್ಬರಿನ ಉಂಡೆ ಒತ್ತಿ ಮುಳ್ಳು ನೋಡಿದರು, ಮತ್ತೊಮ್ಮೆ ಒತ್ತಿ ನೋಡಿದರು, "ಪರವಾಗಿಲ್ವೇ, ಇಳಿದಿದೆ" ಎಂದರು. ಅವನು ಈ ಸಲ ಗೋಡೆಯ ಕಡೆ ತಿರುಗದೆ ಎದುರಿಗೇ ಬೆಲ್ಟು ಬಿಗಿದ. ಕೊನೆಯ ತೂತು.

"ಉಸಿರು ಬಿಡಿ."

ಬಿಟ್ಟ. ಇಡೀ ಕೋಣೆಗೆ ಕೇಳುವ ಹಾಗೆ ಬಿಟ್ಟ. ಡಾಕ್ಟರಮ್ಮ ಜಾಗ್ರತೆಗೆ ಮೇಜಿನಿಂದ ಹಿಂದೆ ಸರಿದು ನಿಂತಿದ್ದರು. ಬೆಲ್ಟು ಮಿಸುಕಲಿಲ್ಲ.

ಸಂಜೆ ಅವನು ಕಟ್ಟಡದೊಳಗೆ ಕಾಲಿಟ್ಟಾಗ ಎಲ್ಲ ಮಹಡಿಗಳಲ್ಲೂ ಜನ ಕಾದಿದ್ದರು. ಕಿಡಿಗೇಡಿ, ಮುಖವನ್ನು ಹರಳೆಣ್ಣೆ ಕುಡಿದವನ ಹಾಗೆ ಮಾಡಿಕೊಂಡು, ಯಾರ ಕಡೆಯೂ ನೋಡದೆ ಮೆಟ್ಟಿಲು ಹತ್ತಿದ. ಬ್ಯಾಂಡ್ ಮಾಸ್ಟರು ತುತ್ತೂರಿಯನ್ನು ಬಾಯಿಂದ ಇಳಿಸಿದರು. ಟೀಚರಮ್ಮ ಕುರ್ಚಿಯಿಂದ ಎದ್ದರು. ಬೇಕರಿಯವನು ಕಾನೂನು ಮರೆತು ಒಂದು ತುಂಡು ಕೇಕು ಚಾಚಿದ. ಲಿಫ್ಟಣ್ಣ ಅವನ ಕೈ ಸವರಿ ಮುಂದೆ ಹೋದ. ಭಾವನ ದನಿಯೂ ಪಿಸುಮಾತಿಗೆ ಇಳಿದಿತ್ತು. "ಪ್ರೇಕ್ಷಕರೇ... ಏನೂ ಹೇಳೋ ಹಾಗಿಲ್ಲ... ಆಟಗಾರನ ಮುಖ ನೋಡಿದ್ರೆ..." ಎಂದು ಅವರೂ ನಿಲ್ಲಿಸಿದರು.

ಆದರೆ ಎಲ್ಲರ ಕಣ್ಣಿಗೂ ಬಿದ್ದೂ ಯಾರೂ ಗಮನಿಸದ ಸಂಗತಿಯೊಂದಿತ್ತು. ಅವನು ಆರನೇ ಮಹಡಿಗೆ ಬಂದು ನಿಂತಾಗ ಏದುಸಿರು ಬಿಡುತ್ತಿರಲಿಲ್ಲ.

ಮನೆಯೊಳಗೆ ಊಟದ ಮೇಜಿನ ಮೇಲೆ ತಟ್ಟೆ ಸಿದ್ಧವಾಗಿತ್ತು. ಏನಾಯಿತೆಂದು ಅಕ್ಕನಿಗೆ ಕೇಳಲು ಧೈರ್ಯವಿರಲಿಲ್ಲ. ಕಾನೂನು ಮುರಿದು ಮನೆಯೊಳಗೇ ಸೌಟು ತುಂಬ ಬಡಿಸಿದಳು. ಅವನು ಕೂತು ನಿಧಾನವಾಗಿ, ರುಚಿ ಹಿಡಿದು, ಪೂರ್ತಿ ಉಂಡ. ಸ್ಟೂಲಿನ ಮೇಲೆ ನಿಂತು ಮಾಡಿದ ಕಾಲದಿಂದಲೂ ಅದೇ ರುಚಿ. ಬಾಗಿಲಲ್ಲಿ ಹೆಂಡತಿ, ಅವಳ ಹಿಂದೆ ಭಾವ, ಅವರ ಹಿಂದೆ ಮೆಟ್ಟಿಲುದ್ದಕ್ಕೂ ಜನ. ಅಕ್ಕ ಎರಡನೇ ಸೌಟು ಎತ್ತಿದಳು.

ಅವನು ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಅಕ್ಕನ ಮಣಿಕಟ್ಟನ್ನು ಹಿಡಿದುಕೊಂಡ.

"ಸಾಕಕ್ಕ. ಬಹಳ ಚೆನ್ನಾಗಿತ್ತು. ಸಾಕು."

ಸೌಟು ಗಾಳಿಯಲ್ಲೇ ನಿಂತಿತು. ಅಕ್ಕ ಅವನ ಮುಖ ನೋಡಿದಳು, ಆ ಹರಳೆಣ್ಣೆಯ ಮುಖದ ಅಂಚಿನಲ್ಲಿ ನಗು ಸೋರುತ್ತಿರುವುದನ್ನು ಕಂಡಳು.

"ಬೆಲ್ಟು?" ಎಂದಳು.

"ಉಸಿರು ಬಿಟ್ಟೆ. ನಿಂತಿತು."

ಆಮೇಲೆ ಆ ಕಟ್ಟಡದಲ್ಲಿ ಎದ್ದ ಗದ್ದಲವನ್ನು ಬರೆದು ತಿಳಿಸುವುದು ನನ್ನಿಂದಾಗದು. ತುತ್ತೂರಿ ಎಲ್ಲ ಮದುವೆಗಳ ಹಾಡನ್ನೂ ಒಟ್ಟಿಗೆ ಊದಿತು. ಭಾವ ಗೋಲ್ ಎಂದು ಕೂಗಿದ್ದು ಉಸಿರು ಮುಗಿಯುವತನಕ ನಿಲ್ಲಲಿಲ್ಲ. ಟೀಚರಮ್ಮ ಆನಂದ ತಡೆಯಲಾರದೆ ಲಿಫ್ಟು ಹತ್ತಿ ಕೆಳಗೆ ಹೋಗಿ ಬಂದರು.

ಆ ಗದ್ದಲದ ನಡುವೆ ಅಕ್ಕ ಮಾತ್ರ ತುಂಬಿದ ಸೌಟು ಹಿಡಿದು ಹಾಗೇ ನಿಂತಿದ್ದಳು. ಬಡಿಸಲು ತಟ್ಟೆಯಿರಲಿಲ್ಲ. ಪಾತ್ರೆಗೆ ವಾಪಸು ಸುರಿದು ಅಭ್ಯಾಸವಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಅತ್ತ ನೋಡಿದಳು, ಇತ್ತ ನೋಡಿದಳು.

ಲಿಫ್ಟಣ್ಣ ಎದ್ದು, ಕಪಾಟಿನಿಂದ ಇನ್ನೊಂದು ತಟ್ಟೆ ತಂದು ತನ್ನ ಪಕ್ಕದಲ್ಲಿಟ್ಟ. ಕುರ್ಚಿ ಎಳೆದ. ಅವಳ ಕೈಯಿಂದ ಸೌಟು ತೆಗೆದುಕೊಂಡು ಅದರಲ್ಲಿದ್ದುದನ್ನು ಆ ತಟ್ಟೆಗೆ ಬಡಿಸಿದ.

"ಕೂತ್ಕೋ" ಎಂದ.

ಅಕ್ಕ ಕೂತಳು. ಮೊದಲ ತುತ್ತು ಬಾಯಿಗಿಟ್ಟು, ಅಗಿದು, ಸ್ವಲ್ಪ ಯೋಚಿಸಿ, "ಉಪ್ಪು ಒಂಚೂರು ಕಡಿಮೆ ಆಗಿದೆ ಕಣೋ" ಎಂದಳು.